ಕಿವಿಯಿಂದ ಕೊಂಡ ಮನೆ

ಮನೆಯಲ್ಲಿ, ಬೀದಿಯಲ್ಲಿ, ಆಸ್ಪತ್ರೆಯಲ್ಲಿ ಅವಳಿಗೆ ಒಂದೇ ಹೆಸರು: ಹಲೋ ಅತ್ತೆ. ತಮ್ಮನ ಮಗಳು ಮಾತು ಕಲಿಯುವ ವಯಸ್ಸಿನಲ್ಲಿ ಇಟ್ಟ ಹೆಸರು ಅದು. ನಿನ್ನ ಅತ್ತೆ ಏನು ಕೆಲಸ ಮಾಡ್ತಾಳೆ ಎಂದು ಯಾರೋ ಕೇಳಿದ್ದಕ್ಕೆ ಮಗು "ಹಲೋ ಕೆಲಸ" ಎಂದುಬಿಟ್ಟಿತು. ಸುಳ್ಳೇನೂ ಹೇಳಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ, ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತು, ಹೊರಗಿನ ಕರೆಗಳನ್ನು ವಾರ್ಡುಗಳಿಗೂ ವಾರ್ಡುಗಳ ಕರೆಗಳನ್ನು ಹೊರಗೂ ಜೋಡಿಸುವುದೇ ಅವಳ ಉದ್ಯೋಗ. ಮದುವೆ ಯಾಕೆ ಆಗಲಿಲ್ಲ ಎಂದು ಕೆದಕಿದವರಿಗೆ "ಲೈನ್ ಸಿಗಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಕಿವಿ ಸಾಮಾನ್ಯದ್ದಲ್ಲ. ದೊಡ್ಡ ಡಾಕ್ಟರು ಬೆಳಿಗ್ಗೆ "ಹಲೋ" ಅಂದ ವೈಖರಿಯಲ್ಲೇ ಅವರಿಗೆ ಮನೆಯಲ್ಲಿ ತಿಂಡಿ ಸಿಕ್ಕಿದೆಯೋ ಬೈಗುಳ ಸಿಕ್ಕಿದೆಯೋ ಹೇಳಿಬಿಡುತ್ತಿದ್ದಳು. ರಜೆಗೆಂದು ಕೆಮ್ಮುತ್ತಾ ಫೋನ್ ಮಾಡುವ ಗುಮಾಸ್ತನ ಕೆಮ್ಮು ಗಂಟಲಿನದೋ ನಾಟಕದ್ದೋ ಎಂದು ಆಸ್ಪತ್ರೆಯ ಮ್ಯಾನೇಜರೇ ಬಂದು ಅವಳನ್ನು ಕೇಳುತ್ತಿದ್ದದ್ದುಂಟು. ಅವಳು ಯಾರನ್ನೂ ಹಿಡಿದುಕೊಡಲಿಲ್ಲ. "ಕೆಮ್ಮು ಕೆಮ್ಮೇ ಸಾರ್" ಎಂದು ಹೇಳಿ ಮುಂದಿನ ಕರೆಗೆ ಕೈ ಹಾಕುತ್ತಿದ್ದಳು.

ಇಂಥ ಕಿವಿ ಇಟ್ಟುಕೊಂಡು ಅವಳು ವಾಸವಿದ್ದದ್ದು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ತಮ್ಮನಿಗೆ ಪೇಂಟ್ ಅಂಗಡಿ. ಕೆಟ್ಟವನಲ್ಲ, ಆದರೆ ತನ್ನ ಒಳ್ಳೆಯತನವನ್ನು ಮರೆಯುವ ಪೈಕಿಯವನೂ ಅಲ್ಲ. ಯಾರೇ ನೆಂಟರು ಬರಲಿ, ಕಾಫಿ ಲೋಟ ಕೆಳಗಿಡುವುದರೊಳಗೆ "ಅಕ್ಕ ನಮ್ಮ ಜೊತೆಗೇ ಇದ್ದಾಳೆ, ನಾವೇ ನೋಡ್ಕೊಳ್ತಿದ್ದೀವಿ" ಎಂದು ಹೇಳಿ ಆಗಿರುತ್ತಿತ್ತು. ಆ ನೋಡಿಕೊಳ್ಳುವಿಕೆಯಲ್ಲಿ ಅವಳ ಸಂಬಳದ ಮುಕ್ಕಾಲು ಪಾಲು ಇತ್ತು, ತಮ್ಮನ ಮಗಳ ಶಾಲೆ ಕಾಲೇಜು ಎರಡೂ ಇದ್ದವು. ಅದನ್ನು ನೆಂಟರಿಗೆ ಯಾರೂ ಹೇಳಲಿಲ್ಲ. ಗೋಡೆಯ ಆಚೆ ಕೂತು ಆ ಒಂದು ವಾಕ್ಯವನ್ನು ಅವಳು ಇಪ್ಪತ್ತು ವರ್ಷ ಕೇಳಿದ್ದಳು. ಪ್ರತಿ ಸಲವೂ ಮೈ ಉರಿಯುತ್ತಿತ್ತು, ಪ್ರತಿ ಸಲವೂ ನುಂಗಿಕೊಂಡಿದ್ದಳು.

ಆಸ್ಪತ್ರೆಗೆ ಹೊಸ ಯಂತ್ರ ಬಂತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳುವ ಯಂತ್ರ. ಅವಳ ನಿವೃತ್ತಿಗೆ ಹೇಗೂ ನಾಲ್ಕು ತಿಂಗಳಿತ್ತು. ಒಂದು ಮೊತ್ತ ಕೈಗೆ ಬರಲಿತ್ತು. ಅದು ಬರುವ ಮೊದಲೇ ತಮ್ಮ ಮೇಸ್ತ್ರಿಯನ್ನು ಕರೆಸಿ ತಾರಸಿ ಅಳತೆ ಮಾಡಿಸಿದ.

"ಮೇಲೆ ಎರಡು ರೂಮ್ ಎತ್ತೋಣ ಅಕ್ಕ. ಒಂದು ನಿನಗೇ."

"ಪತ್ರ ಯಾರ ಹೆಸರಲ್ಲಿರುತ್ತೆ?" ಎಂದು ಅವಳು ಕೇಳಿದಳು.

"ಮನೆ ನನ್ನ ಹೆಸರಲ್ಲಿದೆ, ಮೇಲಿನ ಮಹಡಿ ಬೇರೆಯವರ ಹೆಸರಲ್ಲಿ ಇರುತ್ತಾ? ಏನಕ್ಕ ನೀನು, ನಾನು ನೀನು ಬೇರೆ ಬೇರೆನಾ?"

ಮೇಸ್ತ್ರಿ ಟೇಪು ಸುತ್ತಿಕೊಂಡು ನಕ್ಕ. ಹಲೋ ಅತ್ತೆ ನಗಲಿಲ್ಲ. ಈ ದುಡ್ಡು ಈ ತಾರಸಿಗೆ ಹೋದರೆ ತಾನು ಸಾಯುವ ತನಕ ಇನ್ನೊಬ್ಬರು ನೋಡಿಕೊಳ್ಳುವ ಹೆಂಗಸೇ ಎಂದು ಅವಳಿಗೆ ಆ ಕ್ಷಣ ಸ್ಪಷ್ಟವಾಗಿ ಹೊಳೆಯಿತು. ತನ್ನ ಹೆಸರಿನಲ್ಲಿ, ತನ್ನೊಬ್ಬಳ ಹೆಸರಿನಲ್ಲಿ, ಒಂದು ಮನೆ ಬೇಕು. ಅದರ ಬಾಡಿಗೆ ತನ್ನ ಕೈಗೆ ಬರಬೇಕು. ಬೇಕು ಅಂದರೆ ಬೇಕು.

ಆದರೆ ಆ ಮೊತ್ತಕ್ಕೆ ಅವಳ ಊರಿನಲ್ಲಿ ಒಂದು ಗ್ಯಾರೇಜೂ ಬರುತ್ತಿರಲಿಲ್ಲ. ಅವಳು ಮಾಡಿದ್ದು ತನ್ನ ಕಸುಬಿನವರು ಮಾಡುವ ಕೆಲಸವನ್ನೇ: ಇನ್ನೊಬ್ಬ ಆಪರೇಟರಿಗೆ ಫೋನ್ ಹಚ್ಚಿದಳು. ರೈಲಿನಲ್ಲಿ ಹದಿನಾಲ್ಕು ಗಂಟೆ ದೂರದ ಊರಿನ ಆಸ್ಪತ್ರೆಯಲ್ಲಿ ಅವಳಂಥವಳೇ ಒಬ್ಬಳಿದ್ದಳು. ಇಪ್ಪತ್ತೆರಡು ವರ್ಷದ ಗೆಳೆತನ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಆ ಗೆಳತಿ ಹೇಳಿದಳು: "ಇಲ್ಲಿ ಹೊಸದಾಗಿ ನರ್ಸಿಂಗ್ ಕಾಲೇಜು ಆಗಿದೆ ಕಣೇ. ನರ್ಸ್ ಹುಡುಗೀರು ಬಾಡಿಗೆ ಮನೆ ಸಿಗದೆ ಒದ್ದಾಡ್ತಿದ್ದಾರೆ. ಮನೆಗಳು ಅಗ್ಗ. ಇಬ್ಬರು ಏಜೆಂಟರ ನಂಬರ್ ಕೊಡ್ತೀನಿ, ನೀನೇ ಕೇಳಿ ನೋಡು." ನೋಡು ಎಂದಳು, ಆದರೆ ಇಬ್ಬರಿಗೂ ಗೊತ್ತಿತ್ತು ಆ ಮಾತಿನಲ್ಲಿ ಭಾರ ಇರುವುದು ಕೇಳುವುದರ ಮೇಲೆ ಎಂದು.

ಮೊದಲನೆಯ ಏಜೆಂಟನದು ಬೆಣ್ಣೆಯಂಥ ದನಿ. ಅಮ್ಮಾ ಎಂದ, ತಾಯೀ ಎಂದ, ನಿಮ್ಮ ಮಗ ಅಂದ್ಕೊಳ್ಳಿ ಎಂದ. ಒಂದು ಮನೆ ಇದೆ, ನಾಳೆ ಬೆಳಿಗ್ಗೆ ಬೇರೆ ಪಾರ್ಟಿ ಅಡ್ವಾನ್ಸ್ ಕೊಡ್ತಾರೆ, ಇವತ್ತೇ ಕಳಿಸಿಬಿಡಿ ಎಂದ. "ಬೇರೆ ಪಾರ್ಟಿ" ಎನ್ನುವ ಮೊದಲು ಅವನು ಒಂದು ಸಣ್ಣ ಉಸಿರು ಎಳೆದುಕೊಂಡದ್ದು ಅವಳಿಗೆ ಕೇಳಿಸಿತು. ನಾಟಕದ ಕೆಮ್ಮಿನ ಮೊದಲು ಗುಮಾಸ್ತ ಎಳೆದುಕೊಳ್ಳುತ್ತಿದ್ದ ಉಸಿರೇ ಅದು.

"ಆ ಪಾರ್ಟಿಗೇ ಕೊಡಪ್ಪ ಮಗನೇ, ಒಳ್ಳೇದಾಗಲಿ" ಎಂದು ಫೋನಿಟ್ಟಳು.

ಎರಡನೆಯವಳು ಹೆಂಗಸು. ದನಿ ಒಡಕು, ಮಾತಿಗಿಂತ ಮೊದಲು ಬೈಕಿನ ಹಾರ್ನ್ ಕೇಳಿಸಿತು. "ಹೇಳಿ ಮೇಡಂ, ಟ್ರಾಫಿಕ್‌ನಲ್ಲಿದ್ದೀನಿ, ಬೇಗ ಹೇಳಿ" ಎಂದು ಗದರಿದಳು. ಹಲೋ ಅತ್ತೆಗೆ ಖುಷಿಯಾಯಿತು. ಗಿರಾಕಿಯನ್ನು ಗದರುವವಳಿಗೆ ಬೆಣ್ಣೆ ಹಚ್ಚಲು ಬರುವುದಿಲ್ಲ ಎಂದುಕೊಂಡು ಅವಳನ್ನೇ ಹಿಡಿದಳು. ಏಜೆಂಟಮ್ಮ ಎಂದು ಕರೆಯತೊಡಗಿದಳು.

ಏಜೆಂಟಮ್ಮ ಮೊದಲ ವಾರವೇ ಆರು ಮನೆಗಳ ವಿಡಿಯೊ ಕಳಿಸಿದಳು. ಎಲ್ಲವೂ ಬೆಳ್ಳಗೆ, ಎಲ್ಲವೂ ಅಗಲ, ಎಲ್ಲದರ ಹಿಂದೆ ಅದೇ ಹಾಡು. ಹಲೋ ಅತ್ತೆ ಫೋನ್ ಮಾಡಿ ಹೇಳಿದಳು: "ಇದರಿಂದ ನನಗೇನೂ ಗೊತ್ತಾಗಲ್ಲ. ನೀವು ಮನೆ ಒಳಗೆ ಹೋಗಿ ನನಗೆ ಫೋನ್ ಮಾಡಿ. ಆಮೇಲೆ ಫೋನ್ ನೆಲದ ಮೇಲಿಟ್ಟು ಕಾಲು ಗಂಟೆ ಸುಮ್ಮನಿರಿ. ಒಂದೊಂದು ರೂಮಲ್ಲೂ."

"ಸುಮ್ಮನಿರಬೇಕಾ? ನಾನಾ? ಮೇಡಂ, ನನ್ನ ಕಸುಬೇ ಮಾತು."

"ನನ್ನ ಕಸುಬು ಕೇಳೋದು. ನನ್ನ ದುಡ್ಡು, ನನ್ನ ಕಿವಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ."

ಏಜೆಂಟಮ್ಮ ಏನೋ ಗೊಣಗಿದಳು. ಆದರೂ ಫೋನನ್ನು ನೆಲದ ಮೇಲಿಟ್ಟಳು. ಮೊದಲ ಮನೆಯಲ್ಲಿ ಏಳನೇ ನಿಮಿಷಕ್ಕೆ ಗೋಡೆಯೊಳಗೆ ತೊಟ್ಟಿಕ್ಕುವ ಸದ್ದು ಕೇಳಿಸಿತು. "ಸ್ನಾನದ ಮನೆ ಗೋಡೆ ಮುಟ್ಟಿ ನೋಡಿ" ಎಂದಳು ಹಲೋ ಅತ್ತೆ. ಏಜೆಂಟಮ್ಮ ಮುಟ್ಟಿದಳು. ಹೊಸ ಬಣ್ಣದ ಕೆಳಗೆ ಗೋಡೆ ಬೆವರುತ್ತಿತ್ತು. ಎರಡನೆಯ ಮನೆಯಲ್ಲಿ ನೆಲದಿಂದ ಗುಂಯ್ ಎಂಬ ನಡುಕ ಬಂತು. ಕೆಳಗಡೆ ಯಾರೋ ಹಿಟ್ಟಿನ ಗಿರಣಿ ಇಟ್ಟಿದ್ದರು, ಅದನ್ನು ಮನೆಯವರು ಹೇಳಿರಲಿಲ್ಲ. ಮೂರನೆಯದು ಮುಗಿಯುವ ಹೊತ್ತಿಗೆ ಏಜೆಂಟಮ್ಮನೇ ಚಪ್ಪಲಿ ಬಿಚ್ಚಿಟ್ಟು, ಬಳೆ ಸದ್ದಾಗದ ಹಾಗೆ ಕೈ ಕಟ್ಟಿಕೊಂಡು, ಗೋಡೆಗೆ ಒರಗಿ ಕೂರುವುದನ್ನು ಕಲಿತಿದ್ದಳು. ಮೇಡಂ ಎನ್ನುವುದು ಅಕ್ಕ ಆಗಿತ್ತು.

"ಇಪ್ಪತ್ತು ವರ್ಷದಿಂದ ಮನೆ ತೋರಿಸ್ತಿದ್ದೀನಿ ಅಕ್ಕ, ಒಂದು ಮನೇನೂ ಕೇಳಿರಲಿಲ್ಲ" ಎಂದಳೊಮ್ಮೆ.

ಏಳನೆಯ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಫೋನು ನೆಲ ಮುಟ್ಟಿತು, ಆಮೇಲೆ ಏನೂ ಕೇಳಿಸಲಿಲ್ಲ. ನೀರಿಲ್ಲ, ಗಿರಣಿಯಿಲ್ಲ, ಜಗಳವಿಲ್ಲ. ಕಾಲು ಗಂಟೆ ಕಳೆದು ಅರ್ಧ ಗಂಟೆಯಾಯಿತು. ಹಲೋ ಅತ್ತೆ ತನ್ನ ಕೋಣೆಯ ಮಂಚದ ಮೇಲೆ ಕಣ್ಣು ಮುಚ್ಚಿ ಕೂತುಬಿಟ್ಟಿದ್ದಳು. ದಿನಕ್ಕೆ ನಾಲ್ಕು ನೂರು ಸಲ ಫೋನ್ ಬಾರಿಸುವ ಜಾಗದಲ್ಲಿ ಜೀವ ಸವೆಸಿದವಳಿಗೆ ಆ ಮೌನ ತಂಪು ನೀರು ಕುಡಿದ ಹಾಗೆ ಇಳಿಯಿತು. ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಇದೇ ಮನೆ, ಏಜೆಂಟಮ್ಮ. ಎಷ್ಟು ಚೆನ್ನಾಗಿದೆ! ಅಡ್ವಾನ್ಸ್ ಕಳಿಸ್ತೀನಿ."

ಆ ಕಡೆಯ ಒಡಕು ದನಿ ಇನ್ನೂ ಒಡೆದಿತ್ತು.

"ಬೇಡ ಅಕ್ಕ."

"ಯಾಕೆ ಬೇಡ? ನನಗೆ ಬೇಕು."

"ಬಾಡಿಗೆಗೆ ಅಂತ ತಾನೆ ಕೊಳ್ತಿರೋದು? ಈ ಕಟ್ಟಡದಲ್ಲಿ ಹದಿನಾರು ಮನೆ. ಜನ ಇರೋದು ಮೂರರಲ್ಲಿ. ಬಸ್ಸಿಲ್ಲ, ಅಂಗಡಿ ಇಲ್ಲ, ಒಬ್ಬರೂ ನಿಲ್ಲಲ್ಲ. ಅದಕ್ಕೇ ಇಷ್ಟು ನಿಶ್ಶಬ್ದ. ಮೊದಲೇ ಹೇಳ್ಬೇಕಿತ್ತು, ತಪ್ಪು ನಂದು. ಇದನ್ನು ಮಾರಿಸಿದ್ರೆ ಕಮಿಷನ್ ಎರಡರಷ್ಟು ಅಂದಿದ್ರು. ಬಾಯಿ ಮುಚ್ಕೊಂಡಿದ್ದೆ. ನೀವು ಎಷ್ಟು ಚೆನ್ನಾಗಿದೆ ಅಂದ ಮೇಲೆ ನಾಚಿಕೆ ಆಯ್ತು."

ಹಲೋ ಅತ್ತೆ ಕೆಂಡಾಮಂಡಲವಾದಳು. ಏಜೆಂಟಮ್ಮನ ಮೇಲೆ ಹಾರಾಡಿ, ಮೋಸಗಾತಿ ಎಂದು ಬೈದು ಫೋನ್ ಇಟ್ಟಳು. ಎರಡು ದಿನ ತನ್ನ ಸ್ವಂತ ಫೋನಿಗೆ ಬಂದ ಯಾರ ಕರೆಯನ್ನೂ ಎತ್ತಲಿಲ್ಲ. ಆದರೆ ನಿಜವಾದ ಸಿಟ್ಟು ತನ್ನ ಮೇಲೇ ಎಂದು ತಿಳಿಯಲು ಅವಳಿಗೆ ಅಷ್ಟು ಹೊತ್ತೇನೂ ಬೇಕಾಗಲಿಲ್ಲ. ಊರವರ ಸುಳ್ಳನ್ನೆಲ್ಲ ಹಿಡಿದ ಕಿವಿ ತನಗೆ ಬೇಕಾದ್ದನ್ನು ಕೇಳಿಸಿಕೊಂಡಿತ್ತೇ ಹೊರತು ಅಲ್ಲಿ ಇದ್ದದ್ದನ್ನಲ್ಲ. ಆ ಅರ್ಧ ಗಂಟೆಯಲ್ಲಿ ಒಂದು ಬಾಗಿಲು ತೆರೆಯಲಿಲ್ಲ, ಒಂದು ಮಗು ಅಳಲಿಲ್ಲ. ಹೊಸಬಳಾದ ಆಪರೇಟರ್ ಕೂಡ ಹೇಳುತ್ತಿದ್ದಳು, ಆ ಕಡೆ ಯಾರೂ ಇಲ್ಲ ಅಂತ.

ಮೂರನೇ ದಿನ ತಾನೇ ಫೋನ್ ಮಾಡಿದಳು. "ನೀವು ಬಾಯಿ ಮುಚ್ಕೊಂಡಿದ್ದು ತಪ್ಪು. ಆಮೇಲೆ ಬಾಯಿ ಬಿಟ್ಟಿದ್ದು ದೊಡ್ಡದು. ಈಗ ನನಗೆ ಗಲಾಟೆ ಇರೋ ಮನೆ ತೋರಿಸಿ."

"ಗಲಾಟೆನಾ ಅಕ್ಕ? ಬೇಕಾದಷ್ಟಿದೆ!" ಏಜೆಂಟಮ್ಮ ಮೊದಲ ಸಲ ನಕ್ಕಳು. ನಗು ಬೈಕ್ ಸ್ಟಾರ್ಟ್ ಆಗುವ ಹಾಗಿತ್ತು.

ಅದು ಎರಡನೇ ಮಹಡಿಯ ಎರಡು ಕೋಣೆಯ ಮನೆ, ನರ್ಸಿಂಗ್ ಕಾಲೇಜಿಗೆ ನಡೆದುಹೋಗುವಷ್ಟು ಹತ್ತಿರ. ಫೋನು ನೆಲದ ಮೇಲೆ ಕೂತದ್ದೇ ತಡ, ಸದ್ದು ನುಗ್ಗಿತು. ಮೆಟ್ಟಿಲ ಮೇಲೆ ಓಡುವ ಕಾಲುಗಳು. ಪಕ್ಕದ ಮನೆಯ ಬಟ್ಟೆ ಒಗೆಯುವ ಯಂತ್ರ. ಮೇಲಿನಿಂದ ಯಾರೋ ಪಾಠ ಬಾಯಿಪಾಠ ಮಾಡುವುದು. ಕೆಳಗೆ ಇಬ್ಬರು ಹೆಂಗಸರು ನಗುತ್ತಾ ಮೂರನೆಯವಳನ್ನು ಆಡಿಕೊಳ್ಳುವುದು. ಗೋಡೆಯೊಳಗೆ ಮಾತ್ರ ತೊಟ್ಟಿಕ್ಕುವ ಸದ್ದಿಲ್ಲ, ನೆಲದಲ್ಲಿ ನಡುಕವಿಲ್ಲ. ಹಲೋ ಅತ್ತೆ ಕೋಣೆ ಕೋಣೆಯಲ್ಲೂ ಕಾಲು ಗಂಟೆ ಕೇಳಿದಳು. ಮಾರನೆಯ ದಿನ ಬೆಳಿಗ್ಗೆ ಇನ್ನೊಮ್ಮೆ, ಸಂಜೆ ಇನ್ನೊಮ್ಮೆ. ಆಮೇಲೆ ತನ್ನ ಸಣ್ಣ ಉಳಿತಾಯದಿಂದ ಅಡ್ವಾನ್ಸ್ ಕಳಿಸಿದಳು.

ವಿಷಯ ತಮ್ಮನ ಕಿವಿಗೆ ಬಿತ್ತು. ಅವನು ಅಕ್ಕನನ್ನು ಕೇಳಲಿಲ್ಲ. ಅಕ್ಕನ ಫೋನಿನಿಂದ ನಂಬರ್ ತೆಗೆದು ನೇರ ಏಜೆಂಟಮ್ಮನಿಗೇ ಕರೆ ಮಾಡಿದ. ಅವಳು ಆ ಕರೆ ಮುಗಿದ ಐದೇ ನಿಮಿಷಕ್ಕೆ ಹಲೋ ಅತ್ತೆಗೆ ಒಪ್ಪಿಸಿದಳು: "ನಿಮ್ಮ ತಮ್ಮ ಫೋನ್ ಮಾಡಿದ್ರು ಅಕ್ಕ. ವಯಸ್ಸಾಗಿದೆ, ತಲೆ ಸ್ವಲ್ಪ ಹಿಂದೆ ಮುಂದೆ, ವ್ಯವಹಾರ ನಿಲ್ಲಿಸಿ ಅಂದ್ರು. ಇಲ್ಲಾಂದ್ರೆ ಪತ್ರದಲ್ಲಿ ಅವರ ಹೆಸರೂ ಸೇರಿಸ್ಬೇಕಂತೆ."

"ನೀವೇನಂದ್ರಿ?"

"ಗಿರಾಕಿ ನನಗೆ ಒಬ್ಬರೇ, ಅವರ ತಲೆ ನನ್ನ ತಲೆಗಿಂತ ನೆಟ್ಟಗಿದೆ ಅಂದೆ. ಸ್ವಲ್ಪ ಜೋರಾಗೇ ಅಂದೆ."

ಅದು ಭಾನುವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಹಲೋ ಅತ್ತೆ ತಟ್ಟೆ ಸರಿಸಿದಳು.

"ನನ್ನ ತಲೆ ಹಿಂದೆ ಮುಂದೆ ಆಗಿದೆಯಂತೆ. ಯಾವಾಗಿನಿಂದಪ್ಪ?"

ತಮ್ಮನ ಕೈಯ ತುತ್ತು ಕೈಯಲ್ಲೇ ನಿಂತಿತು. ಅವನ ಹೆಂಡತಿ ನೀರಿನ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಮಗಳು, ಹಲೋ ಎಂಬ ಹೆಸರಿಟ್ಟ ಆ ಮಗಳು, ಈಗ ಕಾಲೇಜು ಮುಗಿಸಿದವಳು, ಅಪ್ಪನನ್ನೇ ನೋಡುತ್ತಾ ಕೂತಳು.

"ನಿನ್ನ ಒಳ್ಳೇದಕ್ಕೇ ಹೇಳಿದ್ದು ಅಕ್ಕ. ಕಣ್ಣಲ್ಲಿ ನೋಡದ ಮನೆ, ಮುಖ ನೋಡದ ಬ್ರೋಕರು! ಯಾರಾದ್ರೂ ಟೋಪಿ ಹಾಕಿದ್ರೆ?"

"ಹಾಕಿದ್ರೆ ನನ್ನ ತಲೆಗೆ ತಾನೆ? ಅದು ನಿನ್ನದಲ್ಲವಲ್ಲ."

"ಇಷ್ಟು ವರ್ಷ ನಿನ್ನ ನೋಡ್ಕೊಂಡಿದ್ದಕ್ಕೆ..."

"ಅದೊಂದು ಮಾತು ಇನ್ನು ಆಡ್ಬೇಡ!" ಅವಳ ದನಿ ಆ ಮನೆಯಲ್ಲಿ ಅಷ್ಟು ಮೇಲೆ ಹೋದದ್ದು ಅದೇ ಮೊದಲು. "ಇಪ್ಪತ್ತು ವರ್ಷದಿಂದ ಗೋಡೆ ಆಚೆ ಕೂತು ಕೇಳಿದ್ದೀನಿ. ಬಂದವರಿಗೆಲ್ಲ ಹೇಳ್ತೀಯಲ್ಲ, ನೋಡ್ಕೊಳ್ತಿದ್ದೀವಿ, ನೋಡ್ಕೊಳ್ತಿದ್ದೀವಿ. ನನ್ನ ಸಂಬಳ ಎಲ್ಲಿಗೆ ಹೋಯ್ತು ಅಂತ ಒಬ್ಬರಿಗಾದ್ರೂ ಹೇಳಿದ್ದೀಯಾ?"

"ಅದು ನಿನಗೆ ಕೇಳಿಸ್ತಿತ್ತಾ?" ತಮ್ಮ ಪೆಚ್ಚಾದ.

"ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೆಯಾ? ನನಗೆ?"

ಮಗಳು ಪಕ್ಕೆಂದು ನಕ್ಕುಬಿಟ್ಟಳು. ತಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಕೈ ತೊಳೆಯದೆ ಎದ್ದು, "ಅಷ್ಟು ಧೈರ್ಯ ಇದ್ರೆ ಆ ಮನೆ ಕೊಂಡು ಅಲ್ಲೇ ಹೋಗಿ ಇರು, ನಮ್ಮನೆ ಯಾಕೆ ಬೇಕು?" ಎಂದುಬಿಟ್ಟ. ಅಂದಮೇಲೆ ಅವನಿಗೇ ಭಯವಾದಂತಿತ್ತು. ಹಲೋ ಅತ್ತೆ ಆ ಮಾತನ್ನು ಪೂರ್ತಿ ಕೇಳಿದಳು, ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡಳು, ಊಟ ಮುಗಿಸಿದಳು.

ನಿವೃತ್ತಿಯಾದ ಹದಿನೈದನೇ ದಿನ ಅವಳೊಬ್ಬಳೇ ರೈಲು ಹತ್ತಿದಳು. ನಿಲ್ದಾಣದಲ್ಲಿ ಕಾದಿದ್ದ ಏಜೆಂಟಮ್ಮ ಕುಳ್ಳಗೆ, ಗುಂಡಗೆ, ಹೆಲ್ಮೆಟ್ಟು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ದನಿ ಕೇಳಿ ಅವಳನ್ನು ಎತ್ತರದ ಹೆಂಗಸು ಎಂದುಕೊಂಡಿದ್ದ ಹಲೋ ಅತ್ತೆ ಎರಡು ಸಲ ಅವಳನ್ನು ದಾಟಿಕೊಂಡೇ ಹೋದಳು. "ಅಕ್ಕ!" ಎಂಬ ಕೂಗು ಬಿದ್ದಮೇಲೇ ಗುರುತು ಸಿಕ್ಕಿದ್ದು. ಇಬ್ಬರೂ ಬೈಕಿನ ಮೇಲೆ ನೋಂದಣಿ ಕಚೇರಿಗೆ ಹೋದರು. ಉದ್ದ ಬೆಂಚು, ಪಂಖ, ಇಂಕು ಮೆತ್ತಿದ ಮೇಜು.

ಅರ್ಜಿ ನೋಡುತ್ತಿದ್ದ ಗುಮಾಸ್ತ ತಲೆ ಎತ್ತದೆ ಕೇಳಿದ: "ಜೊತೆಗೆ ಮನೆಯವರು ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಕೊಳ್ಳೋರು ಯಾರು ಹಾಗಾದ್ರೆ?"

"ನಿಮ್ಮ ಎದುರಿಗೆ ನಿಂತಿದ್ದೀನಲ್ಲ, ನಾನು. ಹೆಸರು ಒಂದೇ ಇದೆ, ಸರಿಯಾಗಿ ಬರೀರಿ."

ಗುಮಾಸ್ತ ಬರೆದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ನೋಡಲಿ. ಪತ್ರ ಕೈಗೆ ಬಂದಾಗ ಅವಳು ತನ್ನ ಹೆಸರಿನ ಸಾಲನ್ನು ಹುಡುಕಿ ಗಟ್ಟಿಯಾಗಿ ಓದಿದಳು. ಏಜೆಂಟಮ್ಮನಿಗೂ ಅದನ್ನು ಎರಡು ಸಲ ಓದಿ ಹೇಳಿದಳು. ಸಂಜೆಯೊಳಗೆ ಇಬ್ಬರು ನರ್ಸ್ ಹುಡುಗಿಯರು ಪೆಟ್ಟಿಗೆ ಸಮೇತ ಬಂದರು. ಏಜೆಂಟಮ್ಮ ತಯಾರಿಸಿದ್ದ ಬಾಡಿಗೆ ಕರಾರನ್ನು ಹಲೋ ಅತ್ತೆ ಗಟ್ಟಿಯಾಗಿ ಓದಿಸಿ ಕೇಳಿದಳು. ಓದು ಮುಗಿದ ಮೇಲೆ "ಇಂಥದ್ದೇ ಇನ್ನೊಂದು ಬೇಕು" ಎಂದಳು.

"ಇನ್ನೊಂದು ಮನೆನಾ ಅಕ್ಕ?" ಏಜೆಂಟಮ್ಮನ ಕಣ್ಣು ಅರಳಿತು.

"ಇನ್ನೊಂದು ಕರಾರು. ಹೆಸರುಗಳು ನಾನು ಹೇಳ್ತೀನಿ."

ಮೂರು ದಿನದ ಮೇಲೆ ಅವಳು ತಮ್ಮನ ಮನೆಗೆ ಮರಳಿದಳು. ಚೀಲ ಕೆಳಗಿಟ್ಟು, ಮುಖ ತೊಳೆದು, ಆ ಕಾಗದವನ್ನು ತಮ್ಮನ ಮುಂದೆ ಇಟ್ಟಳು. ಮಾಲೀಕ ಎಂಬಲ್ಲಿ ತಮ್ಮನ ಹೆಸರಿತ್ತು, ಬಾಡಿಗೆದಾರಳು ಎಂಬಲ್ಲಿ ಅವಳದು. ಹಿಂದಿನ ಕೋಣೆ, ಅದಕ್ಕೆ ಸೇರಿದ ಬಚ್ಚಲು, ದಿನಕ್ಕೆ ಎರಡು ಊಟ, ತಿಂಗಳ ಐದರೊಳಗೆ ಬಾಡಿಗೆ.

"ಇದೇನಕ್ಕ ಇದು?"

"ಬಾಡಿಗೆ ಕರಾರು. ನಮ್ಮನೆ ಯಾಕೆ ಬೇಕು ಅಂದೆಯಲ್ಲ? ಕೋಣೆ ಚೆನ್ನಾಗಿದೆ, ಅಂಗಡಿ ಹತ್ತಿರ, ಅದಕ್ಕೆ ಬೇಕು. ಬಿಟ್ಟಿ ಬೇಡ."

"ಒಡಹುಟ್ಟಿದ ಅಕ್ಕನ ಹತ್ರ ಬಾಡಿಗೆ ಇಸ್ಕೊಂಡ ಅಂದ್ರೆ ಬೀದಿ ಜನ ನನ್ನ ಮುಖಕ್ಕೆ ಉಗೀತಾರೆ!"

"ಅವರು ಉಗಿದ್ರೆ ಒರೆಸ್ಕೋ. ಇಷ್ಟವಿಲ್ಲ ಅಂದ್ರೆ ಹೇಳು, ನಾಳೆಯೇ ಬೇರೆ ಕಡೆ ರೂಮ್ ನೋಡ್ತೀನಿ. ಈಗ ನನಗೊಬ್ಬಳು ಒಳ್ಳೆ ಏಜೆಂಟ್ ಗೊತ್ತು."

ಇದು ತಮಾಷೆಯಲ್ಲ ಎಂದು ತಮ್ಮನಿಗೆ ಅರ್ಥವಾಯಿತು. ಕನ್ನಡಕ ಹಾಕಿಕೊಂಡು ಒಂದೊಂದೇ ಷರತ್ತನ್ನು ತುಟಿ ಆಡಿಸುತ್ತಾ ಓದಿದ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಮಗಳು ಅಪ್ಪನ ಭುಜದ ಮೇಲಿನಿಂದ ಬಗ್ಗಿ ಓದುತ್ತಿದ್ದಳು. ಕೊನೆಯ ಷರತ್ತಿನ ಹತ್ತಿರ ಅವನು ನಿಂತ. ಎರಡೂ ಕಡೆಯವರಲ್ಲಿ ಯಾರಾದರೂ ಒಂದು ತಿಂಗಳು ಮುಂಚೆ ತಿಳಿಸಿ ಕರಾರು ಮುಗಿಸಬಹುದು ಎಂದಿತ್ತು ಅಲ್ಲಿ.

"ಅಂದ್ರೆ ನಾನು ನಿನ್ನ ಬಿಡಿಸಬಹುದು" ಎಂದ.

"ಹೂಂ. ಬಿಡಿಸಬಹುದು."

ಅವನು ಆ ಸಾಲನ್ನು ಮತ್ತೆ ಓದಿದ. "ನೀನೂ ಬಿಟ್ಟು ಹೋಗಬಹುದು."

"ಹೂಂ."

ಅವನ ಮುಂದಿನ ಮಾತು ಸಣ್ಣಗೆ ಬಂತು. ಅಕ್ಕ ಎದ್ದು ಹೋಗಬಲ್ಲಳು ಎಂಬುದು ಐವತ್ತೈದು ವರ್ಷದಲ್ಲಿ ಒಮ್ಮೆಯೂ ತಲೆಗೆ ಬಾರದ ಗಂಡಸಿನ ದನಿ ಅದು. ಅದರ ತಳದ ಹೆದರಿಕೆ ಹಲೋ ಅತ್ತೆಗೆ ನಿಚ್ಚಳವಾಗಿ ಕೇಳಿಸಿತು. ಆದರೂ ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹೋಗ್ತೀಯಾ ಅಕ್ಕ?"

"ಅದು ನೀನು ಎಂಥ ಓನರ್ ಅನ್ನೋದರ ಮೇಲಿದೆ" ಎಂದಳು ಅವಳು. "ಹಾಕು ಸಹಿ."

ತಮ್ಮ ಪೆನ್ನು ಹುಡುಕಲು ಎದ್ದ.